ಸ್ಟ್ರಕ್ಟನ್ನ ಹಂಗೇ ಎತ್ತಿ ಗಾಳಿಗೆ ಬಿಡೋರಿಗೆ

ಎಂಬೆಡೆಡ್ ಕಡೆ, ಅಂದ್ರೆ ಸಣ್ಣ ಚಿಪ್ಪುಗಳಿಗೆ, ಸಿ ಭಾಷೆಯಲ್ಲಿ ಕೋಡ್ ಬರೆಯೋರಿಗೆ ಒಂದು ಚಟ ಇದೆ. ಬೇಕಾದ ಫೀಲ್ಡೆಲ್ಲ ಒಂದು ಸ್ಟ್ರಕ್ಟಿಗೆ (ಹಲವು ಬೆಲೆ ಒಟ್ಟಿಗೆ ಇಡೋ ಕಟ್ಟು) ಹಾಕೋದು, ಅದರ ಅಡ್ರೆಸ್ ತಗೊಂಡು ಬೈಟ್ ಪಾಯಿಂಟರಿಗೆ ಕ್ಯಾಸ್ಟ್ ಮಾಡೋದು, ಅಂದ್ರೆ ಇದು ಬರೀ ಬೈಟುಗಳ ಸಾಲು ಅಂತ ಕಂಪೈಲರಿಗೆ ಹೇಳೋದು, ಸೈಜಾಫ್ ಎಷ್ಟು ಬೈಟ್ ಅಂತ ಹೇಳುತ್ತೋ ಅಷ್ಟನ್ನೂ ರೇಡಿಯೋಗೋ ಫೈಲಿಗೋ ತಳ್ಳಿ ಕೈ ತೊಳ್ಕೊಳ್ಳೋದು. ಆ ಕಡೆ ಇರೋನು ಬಂದ ಬಫರ್ ಮೇಲೆ ಅದೇ ಸ್ಟ್ರಕ್ಟಿನ ಪಾಯಿಂಟರ್ ಕೂರಿಸಿ ಫೀಲ್ಡ್ ಓದ್ಕೊಳ್ಳೋದು. ಎರಡೇ ಲೈನು, ಟೇಬಲ್ ಮೇಲೆ ಇಟ್ಟು ಟೆಸ್ಟ್ ಮಾಡಿದ್ರೆ ಚೆಂದ ಓಡುತ್ತೆ, ಓಡೋದೇ ತೊಂದ್ರೆ.

ನಮ್ಮ ಅಣ್ಣನ ಮಗ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದ್ತಿದಾನೆ, ಫೈನಲ್ ಇಯರ್ ಪ್ರಾಜೆಕ್ಟಿಗೆ ಅಂತ ತೀರ್ಥಹಳ್ಳಿ ಕಡೆ ನೆಂಟರ ಅಡಿಕೆ ತೋಟಗಳಲ್ಲಿ ಮಳೆ ಅಳೆದು ಕಳಿಸೋ ಸಣ್ಣ ಯಂತ್ರ, ಅಂದ್ರೆ ನೋಡ್, ಇಟ್ಟಿದ್ದ. ಒಳ್ಳೆ ಐಡಿಯಾನೇ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡಿಬೇಕು, ಹೊಡೆದಿದ್ದು ಎಷ್ಟು ಮಳೆಗೆ ತೊಳೆದು ಹೋಯ್ತು, ಎರಡನೇ ಸಲ ಯಾವಾಗ, ಎಲ್ಲ ಮಳೆ ಲೆಕ್ಕದ ಮೇಲೇ ನಿಂತಿರೋದು. ತೋಟದಲ್ಲಿ ಎಸ್‌ಟಿಎಂ32 ಎಲ್0 ಚಿಪ್ಪು, ಕಡಿಮೆ ಕರೆಂಟಲ್ಲಿ ದೂರ ಹೋಗೋ ಲೋರಾ ರೇಡಿಯೋ, 0.2 ಮಿಲಿಮೀಟರಿಗೆ ಒಂದು ಸಲ ಮಗುಚೋ ಬಕೆಟ್ಟಿನ ಮಳೆ ಮಾಪಕ, ಮನೆ ಮಾಡಲ್ಲಿ ಅದನ್ನ ಹಿಡಿದು ಮುಂದೆ ಕಳಿಸೋ ಗೇಟ್‌ವೇ, ಅಲ್ಲಿಂದ ಪೈಥಾನ್ ಸರ್ವರ್. ಪುನರ್ವಸು ಮಳೆ ಹಿಡ್ಕೊಂಡ ಮೇಲೆ ಗ್ರಾಫಲ್ಲಿ ಕೆಲವು ದಿನ ಮಳೆ ಸಿಕ್ಕಾಪಟ್ಟೆ ಜಾಸ್ತಿ ಕಾಣೋಕೆ ಶುರುವಾಯ್ತು. ನಮ್ಮ ದೊಡ್ಡಪ್ಪ ಅಂಗಳದಲ್ಲಿ ಕೈಮಾಪಕ ಇಟ್ಕೊಂಡು ದಿನಾ ಬೆಳಿಗ್ಗೆ ಕ್ಯಾಲೆಂಡರಲ್ಲಿ ಬರ್ಕೊಳ್ಳೋರು. "ನಿನ್ನ ಮಿಷನ್ ಪ್ರಕಾರ ಆಗುಂಬೆ ನಮ್ಮನೆ ಹಿತ್ತಲಲ್ಲೇ ಇದೆ ಮಾರಾಯ" ಅಂದ್ರಂತೆ.

ಅವನು ಕೋಡ್ ಕಳಿಸಿ "ಚಿಕ್ಕಪ್ಪ, ಸೆನ್ಸರ್ ಹಾಳಾಗಿದೆಯಾ ನೋಡಿ" ಅಂದ. ಸೆನ್ಸರ್ ಸರಿಯಾಗೇ ಇತ್ತು. ಸ್ಟ್ರಕ್ಟಲ್ಲಿ ಐದು ಫೀಲ್ಡು: ನೋಡ್ ನಂಬರ್ ಒಂದು ಬೈಟು, ಟೈಮ್ ನಾಲ್ಕು ಬೈಟು, ಬಕೆಟ್ ಎಷ್ಟು ಸಲ ಮಗುಚಿತು ಅನ್ನೋದು ಎರಡು, ಟೆಂಪರೇಚರ್ ಎರಡು, ಬ್ಯಾಟರಿ ಒಂದು. ಕೂಡಿದ್ರೆ 10. ಸೈಜಾಫ್ ಕೇಳಿದ್ರೆ 16. ಯಾಕಂದ್ರೆ ನಾಲ್ಕು ಬೈಟಿನ ಟೈಮು ನಾಲ್ಕರಿಂದ ಭಾಗ ಹೋಗೋ ಅಡ್ರೆಸ್ಸಲ್ಲೇ ಕೂರ್ಬೇಕು (ಇದಕ್ಕೇ ಅಲೈನ್‌ಮೆಂಟ್ ಅನ್ನೋದು), ಅದಕ್ಕೆ ನೋಡ್ ನಂಬರ್ ಆದ್ಮೇಲೆ ಕಂಪೈಲರ್ ಮೂರು ಬೈಟ್ ಖಾಲಿ ಬಿಡುತ್ತೆ. ಕೊನೆಯಲ್ಲಿ ಇನ್ನೂ ಮೂರು, ಈ ಸ್ಟ್ರಕ್ಟನ್ನ ಅರೇ ಮಾಡಿದ್ರೆ ಮುಂದಿನದ್ದೂ ಸರಿಯಾದ ಅಡ್ರೆಸ್ಸಲ್ಲೇ ಬರ್ಲಿ ಅಂತ. ಇದೇ ಐದು ಫೀಲ್ಡನ್ನ ದೊಡ್ಡದು ಮೊದಲು ಚಿಕ್ಕದು ಆಮೇಲೆ ಅಂತ ಜೋಡಿಸಿದ್ರೆ 12ಕ್ಕೆ ಇಳಿಯುತ್ತೆ, ಆದ್ರೂ 10 ಆಗಲ್ಲ.

ಪ್ಯಾಡಿಂಗ್ ಅಂತ ಕರೆಯೋ ಈ ಖಾಲಿ ಜಾಗ ಖಾಲಿ ಇರಲ್ಲ ಅನ್ನೋದೇ ಇಲ್ಲಿ ಮುಖ್ಯ. ಲೋಕಲ್ ವೇರಿಯಬಲ್ ಆದ್ರೆ ಸ್ಟ್ಯಾಕಲ್ಲಿ ಹಿಂದಿನ ಫಂಕ್ಷನ್ ಏನು ಬಿಟ್ಟು ಹೋಗಿತ್ತೋ ಅದೇ ಅಲ್ಲಿ ಕೂತಿರುತ್ತೆ. ನೋಡ್ ಪ್ಯಾಕೆಟ್ ಕಳಿಸುತ್ತೆ, ಗೇಟ್‌ವೇ ಅಕ್ನಾಲೆಜ್ ಮಾಡುತ್ತೆ, ಆ ಅಕ್ ದಾರೀಲಿ ಕಳೆದು ಹೋದ್ರೆ ನೋಡ್ ಅದೇ ರೀಡಿಂಗನ್ನ ಮತ್ತೆ ಸ್ಟ್ರಕ್ಟಿಗೆ ತುಂಬಿ ಮತ್ತೆ ಕಳಿಸುತ್ತೆ. ಗೇಟ್‌ವೇಲಿ ಡೂಪ್ಲಿಕೇಟ್ ಹಿಡಿಯೋಕೆ ಅಂತ ಇವನು ಮೆಮ್‌ಕಂಪ್ ಹಾಕಿದ್ದ, ಹಳೇ 16 ಬೈಟು ಹೊಸ 16 ಬೈಟು ಒಂದೇನಾ ಅಂತ. ಐದೂ ಫೀಲ್ಡ್ ಒಂದೇ, ಆದ್ರೆ ಮಧ್ಯದ್ದು ಕೊನೆಯದ್ದು ಸೇರಿ ಆರು ಬೈಟ್ ಕಸ ಬೇರೆ ಬೇರೆ. ಹಂಗಾಗಿ ಎರಡೂ ಬೇರೆ ರೀಡಿಂಗ್ ಅಂತ ಲೆಕ್ಕಕ್ಕೆ ಹೋಯ್ತು, ಬಿದ್ದ ಮಳೇನೇ ಎರಡು ಸಲ ಬಿತ್ತು. ಚೆಕ್‌ಸಮ್ ಇದನ್ನ ಹಿಡಿಯಲ್ವಾ ಅಂದ, ಅದ್ಹೆಂಗೆ ಹಿಡಿಯುತ್ತೆ, ಕಸಾನೂ ಸೇರಿಸಿಯೇ ಆ ಚೆಕ್‌ಸಮ್, ಅಂದ್ರೆ ಸಿಆರ್‌ಸಿ ಲೆಕ್ಕ ಹಾಕಿರೋದು, ಕಸ ಭದ್ರವಾಗಿ ತಲುಪಿದೆ ಅಂತ ಸರ್ಟಿಫಿಕೇಟ್ ಕೊಡುತ್ತೆ ಅಷ್ಟೇ.

"ಸರಿ, ಮೊದಲೇ ಮೆಮ್‌ಸೆಟ್ ಮಾಡಿ ಸೊನ್ನೆ ತುಂಬ್ತೀನಿ" ಅಂದ. ಬಹುಪಾಲು ಸಲ ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ. ಆದ್ರೆ ಸಿ ಸ್ಟ್ಯಾಂಡರ್ಡ್ ಏನು ಹೇಳುತ್ತೆ ಅಂದ್ರೆ ಸ್ಟ್ರಕ್ಟಿನ ಯಾವುದೇ ಮೆಂಬರಿಗೆ ಬೆಲೆ ಬರೆದ ಮೇಲೆ ಪ್ಯಾಡಿಂಗ್ ಬೈಟುಗಳಲ್ಲಿ ಏನಿರುತ್ತೆ ಅಂತ ಗ್ಯಾರಂಟಿ ಇಲ್ಲ, ಕಂಪೈಲರಿಗೆ ಅನುಕೂಲ ಅನ್ನಿಸಿದ್ರೆ ಅಲ್ಲೂ ಬರೆದು ಹೋಗ್ಬಹುದು. ತೋಟದ ನೋಡ್ ಮಾತು ಬಿಡಿ, ಇದೇ ಪ್ಯಾಡಿಂಗ್ ಮೂಲಕ ಆಪರೇಟಿಂಗ್ ಸಿಸ್ಟಮ್ ಕರ್ನಲ್‌ಗಳಿಂದ ಒಳಗಿನ ಮೆಮೊರಿ ಹೊರಗೆ ಸೋರಿದ ಬಗ್‌ಗಳು ಬೇಕಾದಷ್ಟಿವೆ.

ಪೈಥಾನ್ ಕಡೆ ಇನ್ನೂ ಮಜಾ ಇತ್ತು. ಅಲ್ಲಿ ಸ್ಟ್ರಕ್ಟ್ ಅಂತ ಒಂದು ಮಾಡ್ಯೂಲ್ ಇದೆಯಲ್ಲ, ಫಾರ್ಮ್ಯಾಟ್ ಸ್ಟ್ರಿಂಗ್ ಕೊಟ್ರೆ ಬೈಟ್ ಬಿಡಿಸಿ ಕೊಡುತ್ತೆ, ಅದರಲ್ಲಿ ಶುರುವಿಗೆ ಯಾವ ಚಿಹ್ನೇನೂ ಹಾಕದೇ ಇದ್ರೆ ಅದೂ ಸಿ ಥರ ಅಲೈನ್‌ಮೆಂಟ್ ನೋಡಿ ಮಧ್ಯ ಪ್ಯಾಡಿಂಗ್ ಬಿಡುತ್ತೆ ಆದ್ರೆ ಕೊನೆಯಲ್ಲಿ ಬಿಡಲ್ಲ! ಅದೇ ಐದು ಫೀಲ್ಡಿಗೆ ಅದು ಹೇಳೋ ಸೈಜು 13. ಮುಂದೆ ಲೆಸ್ ದ್ಯಾನ್ ಚಿಹ್ನೆ ಹಾಕಿದ್ರೆ ಲಿಟ್ಲ್ ಎಂಡಿಯನ್ (ಕಡಿಮೆ ಬೆಲೆಯ ಬೈಟ್ ಮೊದಲು), ಪ್ಯಾಡಿಂಗ್ ಇಲ್ಲ, ಆಗ 10. ಸಿ ಹೇಳೋದು 16, ಪೈಥಾನ್ 13, ನಿಜವಾದ ಡೇಟಾ 10. ಹುಡುಗ ಇದನ್ನ ಹೆಂಗೆ ಸರಿಮಾಡಿದ್ದ ಅಂದ್ರೆ ಫಾರ್ಮ್ಯಾಟ್ ಕೊನೆಗೆ ಮೂರು ಪ್ಯಾಡ್ ಬೈಟ್ ಸೇರಿಸಿ 16 ಮಾಡಿದ್ದ, ಯಾಕೆ ಅಂತ ಅವನಿಗೂ ಗೊತ್ತಿಲ್ಲ, ಎರರ್ ಹೋಯ್ತು ಅಷ್ಟೇ.

ಓದೋ ಕಡೆ ಕಥೆ ಇದಕ್ಕಿಂತ ಕೆಟ್ಟದು. ಗೇಟ್‌ವೇಯಿಂದ ನೋಡಿಗೂ ಕಾನ್ಫಿಗ್ ಹೋಗುತ್ತೆ, ಬಫರಿನ ಮೊದಲ ಬೈಟ್ ಪ್ಯಾಕೆಟ್ ಟೈಪು, ಎರಡನೇ ಬೈಟಿಂದ ಸ್ಟ್ರಕ್ಟು. ಅಲ್ಲಿಗೆ ಪಾಯಿಂಟರ್ ಕ್ಯಾಸ್ಟ್ ಮಾಡಿ ನಾಲ್ಕು ಬೈಟಿನ ಫೀಲ್ಡ್ ಓದಿದ್ರೆ ಆ ಅಡ್ರೆಸ್ ಅಲೈನ್ ಆಗಿಲ್ಲ. ಲ್ಯಾಪ್‌ಟಾಪಲ್ಲಿ ಎಕ್ಸ್86 ಮೇಲೆ ಟೆಸ್ಟ್ ಮಾಡಿದ್ರೆ ಏನೂ ಆಗಲ್ಲ. ಎಲ್0 ಒಳಗಿರೋ ಕಾರ್ಟೆಕ್ಸ್ ಎಂ0 ಪ್ಲಸ್‌ಗೆ ಅಲೈನ್ ಆಗದ ಆಕ್ಸೆಸ್ ಗೊತ್ತೇ ಇಲ್ಲ, ಸೀದಾ ಹಾರ್ಡ್‌ಫಾಲ್ಟ್, ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತೆ. ಇನ್ನೂ ದೊಡ್ಡ ಕಾರ್ಟೆಕ್ಸ್ ಎಂ4 ಚಿಪ್ಪು ತಗೊಂಡ್ರೆ ಸರಿಹೋಗುತ್ತಲ್ಲ ಅಂತ ಅನ್ನೋರಿದಾರೆ. ಅಲ್ಲೂ ಒಂಟಿ ಲೋಡ್ ಆದ್ರೆ ನಡೆಯುತ್ತೆ, ಆದ್ರೆ ಪಕ್ಕಪಕ್ಕದ ಎರಡು ಫೀಲ್ಡನ್ನ ಕಂಪೈಲರ್ ಜೋಡಿಸಿ ಒಂದೇ ಸಲಕ್ಕೆ ಓದೋ ಎಲ್‌ಡಿಆರ್‌ಡಿ ಅಥವಾ ಎಲ್‌ಡಿಎಂ ಮಾಡಿಬಿಟ್ರೆ ಅದಕ್ಕೆ ಅಲೈನ್‌ಮೆಂಟ್ ಬೇಕೇ ಬೇಕು, ಅಲ್ಲೂ ಫಾಲ್ಟ್. ಅಂದ್ರೆ ಆಪ್ಟಿಮೈಸೇಶನ್ ಲೆವೆಲ್ ಬದಲಾಯಿಸಿದ ದಿನ ಸಾಯುತ್ತೆ, ಕೋಡ್ ಮುಟ್ಟಿರಲ್ಲ. ಇದರ ಜೊತೆಗೆ ಸ್ಟ್ರಿಕ್ಟ್ ಏಲಿಯಾಸಿಂಗ್ ರೂಲ್ ಬೇರೆ: ಬೈಟ್ ಅರೇ ಅಂತ ಡಿಕ್ಲೇರ್ ಮಾಡಿದ ಮೆಮೊರಿನ ಬೇರೆ ಟೈಪಿನ ಪಾಯಿಂಟರಿಂದ ಓದೋದೇ ಅನ್‌ಡಿಫೈನ್ಡ್ (ಏನು ಬೇಕಾದ್ರೂ ಆಗ್ಬಹುದು), ಜಿಸಿಸಿ ಕಂಪೈಲರ್ ಓ2 ಆಪ್ಟಿಮೈಸೇಶನ್ ಲೆವೆಲ್ಲಿಂದ ಮೇಲೆ ಆ ರೂಲ್ ನಂಬ್ಕೊಂಡೇ ಕೋಡ್ ಮಾಡುತ್ತೆ. ಲಿನಕ್ಸ್ ಕರ್ನಲ್‌ನೋರು ಆ ಆಪ್ಟಿಮೈಸೇಶನ್ನೇ ಆಫ್ ಮಾಡಿ ಕಂಪೈಲ್ ಮಾಡ್ತಾರೆ, ಅದು ಅವರಿಗೆ ಆಯ್ತು. ತಿರುಗಾ ಮುರುಗಾ ಮಾತ್ರ ಅಡ್ಡಿಯಿಲ್ಲ, ಯಾವ ಆಬ್ಜೆಕ್ಟನ್ನ ಬೇಕಾದ್ರೂ ಅನ್‌ಸೈನ್ಡ್ ಕ್ಯಾರ್ ಪಾಯಿಂಟರಿಂದ ಬೈಟ್ ಬೈಟ್ ಓದ್ಬಹುದು.

ಇಷ್ಟು ಹೇಳಿದ್ರೆ ಎಲ್ಲರೂ ಹೇಳೋದು "ಪ್ಯಾಕ್ಡ್ ಅಂತ ಅಟ್ರಿಬ್ಯೂಟ್ ಹಾಕಿದ್ರಾಯ್ತು". ಹಾಕಿ, ಪ್ಯಾಡಿಂಗ್ ಹೋಗಿ ಸೈಜು 10 ಆಗುತ್ತೆ, ಫೀಲ್ಡನ್ನ ಹೆಸರು ಹಿಡಿದೇ ಮುಟ್ತಾ ಇರೋವರೆಗೂ ಕಂಪೈಲರಿಗೆ ಇದು ಅಲೈನ್ ಆಗಿಲ್ಲ ಅಂತ ನೆನಪಿರುತ್ತೆ, ಎಂ0 ಮೇಲೆ ಬೈಟ್ ಬೈಟಾಗಿ ಓದುತ್ತೆ. ಯಾವಾಗ ಆ ಫೀಲ್ಡಿನ ಅಡ್ರೆಸ್ ತಗೊಂಡು ಇನ್ನೊಂದು ಫಂಕ್ಷನ್ನಿಗೆ ಕೊಟ್ರೋ ಅಲ್ಲಿಗೆ ಆ ನೆನಪು ಹೋಯ್ತು, ಆ ಫಂಕ್ಷನ್ನಿಗೆ ಅದು ಮಾಮೂಲಿ ಪಾಯಿಂಟರ್. ಜಿಸಿಸಿ 9ರಿಂದ ಇದಕ್ಕೆ ತಾನೇ ವಾರ್ನಿಂಗ್ ಕೊಡುತ್ತೆ. ನಮ್ಮ ಹುಡುಗರು ವಾರ್ನಿಂಗ್ ಓದ್ತಾರಾ ಅನ್ನೋದು ಬೇರೆ ವಿಷಯ. ಮತ್ತೆ ಸ್ಟ್ರಕ್ಟಿಗೆ ಹಾಕಿದ ಪ್ಯಾಕ್ಡ್ ಅನ್ನೋದು ಬೈಟ್ ಆರ್ಡರಿಗೆ ಏನೂ ಮಾಡಲ್ಲ, ಒಳಗಿರೋ ಈನಮ್ (ಹೆಸರಿಟ್ಟ ನಂಬರುಗಳ ಟೈಪು) ಸೈಜಿಗೂ ಏನೂ ಮಾಡಲ್ಲ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಬೇರ್ ಮೆಟಲ್ ಆರ್ಮ್ ಟೂಲ್‌ಚೈನಲ್ಲಿ ಚಿಕ್ಕ ಈನಮ್ ಒಂದೇ ಬೈಟು, ಅದೇ ಹೆಡರ್ ಫೈಲನ್ನ ಲಿನಕ್ಸಲ್ಲಿ ಕಂಪೈಲ್ ಮಾಡಿದ್ರೆ ನಾಲ್ಕು.

ನಾನು ಹೇಳೋದಿಷ್ಟೇ, ಮೆಮೊರಿಯಲ್ಲಿ ಸ್ಟ್ರಕ್ಟ್ ಹೆಂಗಿರುತ್ತೆ ಅನ್ನೋದು ಕಂಪೈಲರಿನ ಮನೆ ವಿಷಯ, ಗಾಳಿಯಲ್ಲಿ ಹೋಗೋ ಬೈಟ್ ಹೆಂಗಿರುತ್ತೆ ಅನ್ನೋದು ನೀವು ಇನ್ನೊಬ್ಬರಿಗೆ ಕೊಟ್ಟ ಮಾತು, ಎರಡನ್ನೂ ಒಂದು ಕ್ಯಾಸ್ಟಲ್ಲಿ ಕಟ್ಟಬೇಡಿ. ಪುಟ್8, ಪುಟ್16, ಪುಟ್32 ಅಂತ ಮೂರು ಸಣ್ಣ ಫಂಕ್ಷನ್ ಬರ್ಕೊಂಡು ಫೀಲ್ಡ್ ಒಂದೊಂದಾಗಿ ಶಿಫ್ಟ್ ಮಾಡಿ ಬಫರಿಗೆ ಹಾಕಿ, ಓದುವಾಗ ಹಂಗೇ ಒಂದೊಂದು ಬೈಟ್ ತೆಗೆದು ಶಿಫ್ಟ್ ಮಾಡಿ ಕೂಡಿಸಿ. ಶಿಫ್ಟ್ ಬಳಸಿದ್ರೆ ಈ ಮಷಿನ್ ಬಿಗ್ ಎಂಡಿಯನ್ನಾ ಲಿಟ್ಲ್ ಎಂಡಿಯನ್ನಾ ಅಂತ ಕೇಳೋ ಪ್ರಶ್ನೆನೇ ಇಲ್ಲ. ಒಂದೇ ಜಾಗ ಹುಷಾರು, ಮೇಲಿನ ಬೈಟನ್ನ 24 ಬಿಟ್ ಎಡಕ್ಕೆ ತಳ್ಳೋ ಮೊದಲು ಅನ್‌ಸೈನ್ಡ್ 32ಕ್ಕೆ ಕ್ಯಾಸ್ಟ್ ಮಾಡ್ಬೇಕು, ಇಲ್ಲಾಂದ್ರೆ ಅದು ಮೊದಲು ಸೈನ್ಡ್ ಇಂಟ್ ಆಗಿ ಟಾಪ್ ಬಿಟ್ ಇದ್ದಾಗ ಓವರ್‌ಫ್ಲೋ ಆಗುತ್ತೆ. ಯುನಿಕ್ಸ್ ಟೈಮಲ್ಲಿ ಆ ಬಿಟ್ 2038ರ ಜನವರಿ 19ರವರೆಗೂ ಸೊನ್ನೆನೇ, ಅದಕ್ಕೇ ಈ ಬಗ್ ಟೆಸ್ಟಲ್ಲಿ ಸಿಗೋದೇ ಇಲ್ಲ. ಹಂಗೇ ಟೆಂಪರೇಚರ್ ಮೈನಸ್ ಆದ್ರೆ ಏನಾಗುತ್ತೆ ಅಂತ ನಮ್ಮ ಕಡೆ ಹವಾ ಯಾವತ್ತೂ ಟೆಸ್ಟ್ ಮಾಡ್ಕೊಡಲ್ಲ, ಕೈಯಾರೆ ಮೈನಸ್ ಕೊಟ್ಟು ನೋಡ್ಬೇಕು.

ನಿಧಾನ ಆಗುತ್ತೆ ಅನ್ನೋ ಭಯ ಇದ್ರೆ ಬಿಡಿ. ನಾಲ್ಕು ಬೈಟಿನ ಮೆಮ್‌ಕಾಪಿ (ಬೈಟ್ ನಕಲು ಮಾಡೋ ಫಂಕ್ಷನ್) ಬರೆದ್ರೆ ಎಕ್ಸ್86 ಮೇಲೆ ಕಂಪೈಲರ್ ಫಂಕ್ಷನ್ ಕಾಲೇ ಮಾಡಲ್ಲ, ಒಂದು ಲೋಡ್ ಇನ್‌ಸ್ಟ್ರಕ್ಷನ್ ಆಗುತ್ತೆ, ಶಿಫ್ಟ್ ಮಾಡಿ ಕೂಡಿಸೋ ಪ್ಯಾಟರ್ನನ್ನೂ ಹೊಸ ಜಿಸಿಸಿ, ಕ್ಲ್ಯಾಂಗ್ ಎರಡೂ ಗುರುತಿಸುತ್ತವೆ. ಎಂ0 ಮೇಲೆ ಒಂದೊಂದು ಬೈಟಿನ ನಾಲ್ಕು ಲೋಡ್ ಆಗುತ್ತೆ ನಿಜ, ಆದ್ರೆ ಅಲ್ಲಿ ಸಮಯ ತಿನ್ನೋದು ಸಿಪಿಯು ಅಲ್ಲ ರೇಡಿಯೋ. ಲೋರಾದ ನಿಧಾನದ ಸೆಟ್ಟಿಂಗ್ ಎಸ್‌ಎಫ್ 12, 125 ಕಿಲೋಹರ್ಟ್ಸ್ ಇದ್ರೆ ಒಂದು ಲೋರಾ ಸಿಂಬಲ್ಲಿಗೆ 32.768 ಮಿಲಿಸೆಕೆಂಡ್, ಟೈಪ್ ಬೈಟ್ ಸೇರಿ 17 ಬೈಟ್ ಕಳಿಸೋ ಬದಲು 11 ಕಳಿಸಿದ್ರೆ, ಕೋಡಿಂಗ್ ರೇಟ್ 4/5, ಹೆಡರ್ ಸಿಆರ್‌ಸಿ ಎಲ್ಲ ಆನ್ ಇದ್ದಾಗ, ಐದು ಸಿಂಬಲ್ ಉಳಿಯುತ್ತೆ, 160 ಮಿಲಿಸೆಕೆಂಡ್ ಚಿಲ್ಲರೆ ಟ್ರಾನ್ಸ್‌ಮಿಟ್ಟರ್ ಆನ್ ಇರೋದು ಪ್ರತಿ ಪ್ಯಾಕೆಟ್ಟಿಗೂ ತಪ್ಪುತ್ತೆ. ಆಷಾಢದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ತೋಟದಲ್ಲಿ ಸೋಲಾರ್ ಪ್ಯಾನೆಲ್ ನೆಚ್ಕೊಂಡಿರೋ ನೋಡಿಗೆ ಅದು ದುಡ್ಡಿದ್ದಂಗೆ.

ಫೀಲ್ಡ್ ಮೂವತ್ತು ನಲವತ್ತು ಆದ್ರೆ ಕೈಯಲ್ಲಿ ಬರೆಯೋದು ಬೇಜಾರು, ಆಗ ಫೀಲ್ಡು ಸ್ಟ್ರಕ್ಟಿನ ಶುರುವಿಂದ ಎಷ್ಟು ಬೈಟ್ ದೂರ ಅಂತ ಹೇಳೋ ಆಫ್‌ಸೆಟ್‌ಆಫ್ ಬಳಸಿ ಟೇಬಲ್ ಮಾಡಿ. ಪ್ರತಿ ಫೀಲ್ಡಿಗೂ ಆಫ್‌ಸೆಟ್, ಸೈಜ್, ಟೈಪ್ ಬರೆದಿಟ್ಟು ಒಂದು ಲೂಪು ಸ್ಟ್ರಕ್ಟಿನ ಬೇಸ್ ಅಡ್ರೆಸ್ಸನ್ನ ಅನ್‌ಸೈನ್ಡ್ ಕ್ಯಾರ್ ಪಾಯಿಂಟರ್ ಮಾಡ್ಕೊಂಡು ಆಫ್‌ಸೆಟ್ ಕೂಡಿಸಿ ಸರಿಯಾದ ಟೈಪಿನ ಲೋಕಲ್ ವೇರಿಯಬಲ್ಲಿಗೆ ಮೆಮ್‌ಕಾಪಿ ಮಾಡಿ ಆಮೇಲೆ ಶಿಫ್ಟ್ ಮಾಡಿ ಬರೆಯೋದು. ಲೋ ಲೆವೆಲ್ ಆಕ್ಸೆಸ್ ಬೇಡ ಅಂತ ನಾನೇನೂ ಹೇಳ್ತಿಲ್ಲ, ಇದೂ ಅದೇ ತಾನೇ, ಆದ್ರೆ ಇಲ್ಲಿ ಆಫ್‌ಸೆಟ್ ಕಂಪೈಲರನ್ನೇ ಕೇಳಿ ತಗೊಂಡಿದ್ದು, ಊಹೆ ಮಾಡಿದ್ದಲ್ಲ. ಬಿಟ್ ಲೆಕ್ಕದಲ್ಲಿ ಅಳತೆ ಕೊಡೋ ಬಿಟ್‌ಫೀಲ್ಡ್ ಇದ್ರೆ ಮಾತ್ರ ಆಫ್‌ಸೆಟ್‌ಆಫ್ ನಡೆಯಲ್ಲ, ಅದನ್ನ ಮಾಸ್ಕ್ ಮಾಡಿ ಕೈಯಲ್ಲೇ ಬರೀಬೇಕು. ಫ್ಲ್ಯಾಟ್‌ಬಫರ್ಸ್, ಕ್ಯಾಪ್ನ್ ಪ್ರೋಟೋ ಥರದ ಡೇಟಾ ಫಾರ್ಮ್ಯಾಟುಗಳು ಬಫರಿಂದ ನೇರ ಓದೋಕೆ ಬಿಡ್ತವೆ ಅಂತ ಉದಾಹರಣೆ ಕೊಡೋರಿಗೆ ಉತ್ತರ ಏನಂದ್ರೆ ಅಲ್ಲಿ ಅಲೈನ್‌ಮೆಂಟು, ಲಿಟ್ಲ್ ಎಂಡಿಯನ್ನು ಎಲ್ಲ ಫಾರ್ಮ್ಯಾಟಲ್ಲೇ ಬರೆದು ಗಟ್ಟಿ ಮಾಡಿದ್ದಾರೆ, ಓದೋ ಕೋಡನ್ನೂ ಜನರೇಟ್ ಮಾಡಿ ಕೊಡ್ತಾರೆ.

ಈಗ ಅವನು ಬರೆದಿರೋ ಹೊಸ ಕೋಡು ಹಳೇದಕ್ಕಿಂತ ಉದ್ದ ಇದೆ, ಪೈಥಾನಲ್ಲಿ ಆ ಮೂರು ಪ್ಯಾಡ್ ಬೈಟ್ ಹೋಗಿದೆ, ಡೂಪ್ಲಿಕೇಟ್ ಚೆಕ್ ಈಗ ನೋಡ್ ನಂಬರ್ ಮತ್ತೆ ಟೈಮ್ ಎರಡನ್ನೇ ನೋಡುತ್ತೆ. ನಿನ್ನೆ ಮೆಸೇಜ್ ಹಾಕಿದ್ದ, ಎಲೆ ಒದ್ದೆ ಇದೆಯಾ ಅಂತ ಹೇಳೋ ಸೆನ್ಸರ್ ಸೇರಿಸ್ತೀನಿ ಚಿಕ್ಕಪ್ಪ, ಹೌದು-ಇಲ್ಲ ಹೇಳೋ ಬೂಲ್ ಹಾಕ್ಲಾ ಅಂತ. ಸ್ಟ್ರಕ್ಟಲ್ಲಿ ಬೇಕಾದ್ರೆ ಬೂಲ್ ಇಟ್ಕೋ, ಬಂದ ಬೈಟನ್ನ ಮಾತ್ರ ಸೀದಾ ಬೂಲ್ ಒಳಗೆ ಮೆಮ್‌ಕಾಪಿ ಮಾಡ್ಬೇಡ, 0 ಅಥವಾ 1 ಬಿಟ್ಟು ಬೇರೆ ಏನಾದ್ರೂ ಕೂತ್ರೆ ಒದ್ದೇನೂ ಹೌದು ಒಣಗಿದ್ದೂ ಹೌದು ಅನ್ನೋ ಥರ ಇಫ್ ಎರಡೂ ಕಡೆ ಓಡ್ಬಹುದು, ಬೈಟಾಗಿ ಓದಿ ಸೊನ್ನೆ ಅಲ್ವಾ ಅಂತ ಕೇಳು ಅಂತ ವಾಪಸ್ ಹಾಕಿದೀನಿ.