ಬ್ಯಾಡ್ಜಿನ ಮೇಲಿನ ಅಡ್ಡಹೆಸರು

ನಮ್ಮ ಕ್ರೈಸ್ತ ಸಭೆಯ ಸೇವೆಗೆ ಹೋಗಿದ್ದ ಎರಡು ವರ್ಷ ನನ್ನನ್ನು ಯಾರೂ ಸ್ವಂತ ಹೆಸರು ಹಿಡಿದು ಕರೆಯಲಿಲ್ಲ. ಅಂಗಿಯ ಜೇಬಿನ ಮೇಲೆ ಒಂದು ಕಪ್ಪು ಬ್ಯಾಡ್ಜ್. ಅದರಲ್ಲಿ ಬಿಳಿ ಅಕ್ಷರದಲ್ಲಿ ಎಲ್ಡರ್ ಬಡಿಗೇರ (ಎಲ್ಡರ್ ಅನ್ನೋದು ಸೇವೆಗೆ ಹೋದ ಹುಡುಗರಿಗೆ ಕೊಡುವ ಬಿರುದು, ಬಡಿಗೇರ ನಮ್ಮ ಅಡ್ಡಹೆಸರು, ಅಂದರೆ ಮನೆತನದ ಹೆಸರು), ಅದರ ಕೆಳಗೆ ನಮ್ಮ ಸಭೆಯ ಹೆಸರು, ಆ ಹೆಸರಿನೊಳಗೆ ಯೇಸು ಕ್ರಿಸ್ತ ಅನ್ನುವುದಷ್ಟೇ ದೊಡ್ಡ ಅಕ್ಷರದಲ್ಲಿ. ಜನ ನಮ್ಮನ್ನು ಮಾರ್ಮನ್ನರು ಅನ್ನುತ್ತಾರೆ. ಪೂರ್ತಿ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಉದ್ದ ಆಯ್ತು, ಗೊತ್ತು, ಆದರೆ ನಮಗೆ ಆ ಹೆಸರೇ ಇಷ್ಟ.

ನಾನು ಬೆಳಗಾವಿಯವನು, ವಡಗಾವಿಯ ಹುಡುಗ. ಅಪ್ಪ ಬಡಿಗ, ಅಜ್ಜನೂ ಬಡಿಗ. ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ರೂಮಿನ ಗೆಳೆಯನ ಜೊತೆ ಒಂದು ಭಾನುವಾರ ಸಭೆಗೆ ಹೋದೆ, ಆಮೇಲೆ ಬಿಡದೆ ಹೋದೆ, ದೀಕ್ಷಾಸ್ನಾನ ತಗೊಂಡೆ. ಒಂದು ವರ್ಷ ದಾಟಿದ ಮೇಲೆ ಮಿಷನ್ನಿಗೆ, ಅಂದರೆ ಮನೆ ಬಿಟ್ಟು ಸಭೆಯ ಮಾತು ಸಾರುವ ಸೇವೆಗೆ, ಅರ್ಜಿ ಹಾಕಿದೆ. ಹುಡುಗರು 18 ತುಂಬಿದ ಮೇಲೆ ಹೋಗಬಹುದು, ಎರಡು ವರ್ಷ. ಹುಡುಗಿಯರಿಗೆ 18 ತಿಂಗಳು. ನನಗೆ ಆಗ 22. ಸಂಬಳ ಇಲ್ಲ, ಖರ್ಚಿಗೆ ನಾವೇ ಕೂಡಿಟ್ಟುಕೊಂಡು ಹೋಗಬೇಕು. ಈ ಮಾತು ಹೇಳಿದ ದಿನ ಅಪ್ಪ ರಂಧಾ ಹೊಡೆಯೋದನ್ನ ನಿಲ್ಲಿಸಲೇ ಇಲ್ಲ. ಹಲಗೆ ಉಜ್ಜುತ್ತಾನೇ ಇದ್ದ. ಕಡೆಗೆ, 'ಎರಡ ವರ್ಷ ಪಗಾರ ಇಲ್ದ ದುಡಿತಿ? ಮಾಡು' ಅಂದ. ಅದು ಒಪ್ಪಿಗೆಯೋ ಸಿಟ್ಟೋ ನನಗೆ ಬಹಳ ದಿನ ತಿಳಿಯಲಿಲ್ಲ.

ಮಿಷನ್ನಿನ ದಿನ ಹೇಗಿರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಬೆಳಿಗ್ಗೆ 6:30ಕ್ಕೆ ಏಳಬೇಕು. ಮೊಣಕಾಲೂರಿ ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಆಮೇಲೆ ಓದು. ಬೈಬಲ್ಲು ಮತ್ತು ನಮ್ಮ ಸಭೆಯ ಇನ್ನೊಂದು ಪವಿತ್ರ ಗ್ರಂಥ ಬುಕ್ ಆಫ್ ಮಾರ್ಮನ್. ಮೊದಲು ಒಬ್ಬೊಬ್ಬರೇ, ಆಮೇಲೆ ಜೊತೆಗಾರನ ಸಂಗಡ. ಆಮೇಲೆ ಬಿಳಿ ಅಂಗಿ, ಟೈ ಹಾಕಿಕೊಂಡು ಹೊರಗೆ. ನಮ್ಮ ಜನರ ಮನೆಗಳಿಗೆ, ಅವರು ಕರೆದ ಬಂಧುಗಳ ಮನೆಗಳಿಗೆ, ಕಾಯಿಲೆ ಬಿದ್ದವರ ಹತ್ತಿರ. ರಾತ್ರಿ 10:30ಕ್ಕೆ ದೀಪ ಆರಿಸಬೇಕು. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯೋಕೆ, ಸಂತೆಗೆ, ಮನೆಗೆ ಫೋನ್ ಮಾಡೋಕೆ. 2019ರ ಫೆಬ್ರವರಿಗಿಂತ ಮೊದಲು ವರ್ಷಕ್ಕೆ ಎರಡೇ ಸಲ ಫೋನ್ ಮಾಡಬಹುದಿತ್ತಂತೆ, ಈಗ ವಾರವಾರ ಮಾಡಬಹುದು. ಅಷ್ಟಾದರೂ ಆಯ್ತಲ್ಲ ಅಂತ ಅವ್ವ ಸಮಾಧಾನ ಮಾಡಿಕೊಂಡಳು.

ಒಬ್ಬನೇ ಎಲ್ಲಿಗೂ ಹೋಗೋ ಹಾಗಿಲ್ಲ. ಯಾವಾಗಲೂ ಇಬ್ಬರು. ಜೊತೆಗಾರನನ್ನ ನಾವು ಆರಿಸಿಕೊಳ್ಳೋದಿಲ್ಲ, ಕೊಡುತ್ತಾರೆ, ಕೆಲವು ತಿಂಗಳಿಗೆ ಬದಲಾಗುತ್ತಾನೆ. ನನ್ನ ಮೊದಲ ಜೊತೆಗಾರ ರಾಜಮಂಡ್ರಿ ಕಡೆಯವನು. ಅವನಿಗೆ ಕನ್ನಡ ಬರಲ್ಲ, ನನಗೆ ತೆಲುಗು ಬರಲ್ಲ. ಮೊದಲ ವಾರ ಅವನ ಮೇಲೆ ನನಗೆ ಸಿಟ್ಟೇ ಜಾಸ್ತಿ ಇತ್ತು. ಅನ್ನ ಮಾಡಿದರೆ ಪಾತ್ರೆ ಹಾಗೇ ಬಿಡ್ತಾನೆ, ಇಸ್ತ್ರಿ ಮಾಡೋಕೆ ಮುಕ್ಕಾಲು ಗಂಟೆ ತಗೋತಾನೆ. ಒಂದು ರಾತ್ರಿ ನನಗೆ ಜ್ವರ ಬಂತು. ಎಚ್ಚರ ಆದಾಗ ನೋಡಿದರೆ ಅವನು ನನ್ನ ಮಂಚದ ಪಕ್ಕ ನೆಲದ ಮೇಲೆ ಮೊಣಕಾಲೂರಿ ತೆಲುಗಿನಲ್ಲಿ ಮೆಲ್ಲಗೆ ಪ್ರಾರ್ಥನೆ ಮಾಡ್ತಿದ್ದ. ನನಗೆ ಅರ್ಥ ಆಗಿದ್ದು ಒಂದೇ ಮಾತು, ತಂಡ್ರಿ. ಅಂದರೆ ತಂದೆ. ಬೆಳಿಗ್ಗೆ ಎದ್ದಾಗ ನನ್ನ ಅಂಗಿಗೂ ಅವನೇ ಇಸ್ತ್ರಿ ಮಾಡಿ ಮೊಳೆಗೆ ತೂಗುಹಾಕಿದ್ದ.

ನಮ್ಮಲ್ಲಿ ಬಾಯಿಪಾಠ ಮಾಡಿ ಹೇಳುವ ಪ್ರಾರ್ಥನೆ ಕಡಿಮೆ. ಮನಸ್ಸಿನಲ್ಲಿ ಇದ್ದದ್ದನ್ನ ಸ್ವಂತ ಮಾತಿನಲ್ಲಿ ಹೇಳಬೇಕು. ನನಗೆ ಇದೇ ಕಷ್ಟ ಆಗಿದ್ದು. ಪರಲೋಕದ ತಂದೆಯೇ ಅಂತ ಪುಸ್ತಕದ ಕನ್ನಡದಲ್ಲಿ ಶುರು ಮಾಡ್ತಿದ್ದೆ, ಎರಡು ಸಾಲಿಗೆ ಮಾತು ಮುಗಿದುಹೋಗ್ತಿತ್ತು. ಕಾರಣ ಆಮೇಲೆ ಹೊಳೆಯಿತು. ಮನೆಯಲ್ಲಿ ಅಪ್ಪನ ಜೊತೆನೇ ನಾನು ಯಾವತ್ತೂ ಮನಸ್ಸು ಬಿಚ್ಚಿ ಮಾತಾಡಿದವನಲ್ಲ. ಉಳಿ ಕೊಡು, ಸ್ಕ್ರೂ ಸಾಲಲ್ಲ, ಊಟಕ್ಕೆ ಬಾ, ಅಷ್ಟೇ ನಮ್ಮ ಮಾತು. ಈಗ ದೇವರನ್ನು ತಂದೆ ಅಂತ ಕರೆದು ಕೂತರೆ ಏನು ಮಾತಾಡಬೇಕು ಅಂತಾನೇ ತಿಳೀತಿರಲಿಲ್ಲ. ನಾಲ್ಕನೇ ತಿಂಗಳಿನ ಒಂದು ರಾತ್ರಿ, ಇಡೀ ದಿನ ಬಿಸಿಲಲ್ಲಿ ತಿರುಗಿ, ಹೋದ ಮೂರೂ ಮನೆಯಲ್ಲಿ ಯಾರೂ ಸಿಗದೆ ವಾಪಸ್ ಬಂದು ಮೊಣಕಾಲೂರಿದಾಗ ಬಾಯಿಗೆ ಬಂದಿದ್ದು ವಡಗಾವಿಯ ಮಾತು: 'ಅಪ್ಪಾ, ಇವತ್ತ ಭಾಳ ದಣದೇನಿ.' ಅಲ್ಲಿಂದ ಅರ್ಧ ಗಂಟೆ ಮಾತಾಡಿದೆ. ಅತ್ತುಬಿಟ್ಟೆ ಕೂಡ. ಅವತ್ತಿನಿಂದ ಇವತ್ತಿನವರೆಗೆ ನನ್ನ ಪ್ರಾರ್ಥನೆ ಅದೇ ಭಾಷೆಯಲ್ಲಿ.

ನಮ್ಮ ಸಭೆಯ ಕಥೆ ಶುರುವಾಗೋದೂ ಒಬ್ಬ ಹುಡುಗನ ಪ್ರಾರ್ಥನೆಯಿಂದಲೇ. ಜೋಸೆಫ್ ಸ್ಮಿತ್, ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಹತ್ತಿರದ ರೈತರ ಮನೆ ಹುಡುಗ, 14 ವರ್ಷ. ಯಾವ ಸಭೆ ಸೇರಬೇಕು ಅಂತ ತಿಳಿಯದೆ ಒದ್ದಾಡ್ತಿದ್ದ. ತಿಳಿಯದವನು ದೇವರನ್ನೇ ಕೇಳಲಿ ಅಂತ ಬೈಬಲ್ಲಿನ ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದಲ್ಲಿದೆ, 5ನೇ ವಚನ. ಅದನ್ನು ಓದಿ ಮನೆ ಹತ್ತಿರದ ಮರಗಳ ನಡುವೆ ಹೋಗಿ ಕೇಳಿದ. ತಂದೆಯಾದ ದೇವರನ್ನೂ ಮಗನಾದ ಯೇಸುವನ್ನೂ ಕಂಡೆ ಅಂತ ಹೇಳಿದ. ನಾನು ಅದನ್ನು ನಂಬುತ್ತೇನೆ. ಅದು 1820. ನಮ್ಮ ಸಭೆ ಸ್ಥಾಪನೆ ಆಗಿದ್ದು 10 ವರ್ಷ ಬಿಟ್ಟು, 1830ರ ಏಪ್ರಿಲ್ 6ಕ್ಕೆ.

ಮಿಷನ್ ಮುಗಿದ ದಿನ ಬೆಂಗಳೂರಿನಲ್ಲಿ ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಬ್ಯಾಡ್ಜ್ ತೆಗೀಬೇಕು. ಕೈ ಮೇಲೆ ಏಳಲಿಲ್ಲ. ತೆಗೆದು ಜೇಬಿನೊಳಗೆ ಹಾಕಿಕೊಂಡು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ದಾರಿಯುದ್ದಕ್ಕೂ ಪಕ್ಕದಲ್ಲಿ ಜೊತೆಗಾರ ಇಲ್ಲ ಅನ್ನೋದೇ ಒಂಥರಾ ಅನಿಸ್ತಿತ್ತು, ಎರಡು ಸಲ ತಿರುಗಿ ನೋಡಿದೆ.

ಮನೆಯಲ್ಲಿ ಅವ್ವ ಚಹಾ ತಂದಳು, ಬೇಡ ಅಂದಾಗ ಮುಖ ಸಣ್ಣದು ಮಾಡಿದಳು. ಚಹಾ, ಕಾಫಿ, ಹೆಂಡ, ತಂಬಾಕು ನಮಗೆ ಇಲ್ಲ, 1833ರಿಂದ ಬಂದ ಕಟ್ಟಳೆ. ದಿನಕ್ಕೆ ನಾಲ್ಕು ಸಲ ಚಹಾ ಕುಡಿಯುವ ಓಣಿಯಲ್ಲಿ ಇದು ಸುಲಭ ಅಲ್ಲ. ಆದರೆ ತಿಂಗಳ ಮೊದಲ ಭಾನುವಾರ ಎರಡು ಊಟ ಬಿಟ್ಟು, ಅದರ ದುಡ್ಡನ್ನು ಇಲ್ಲದವರಿಗೆ ಕೊಡ್ತೀವಿ ಅಂದಾಗ ಅವಳಿಗೆ ತಟ್ಟನೆ ಅರ್ಥ ಆಯ್ತು. ಅವಳದು ಸೋಮವಾರ ಒಪ್ಪತ್ತು. 'ರೊಕ್ಕಾನೂ ಕೊಡ್ತೀರಿ? ಅದು ಚಲೋ ಐತಿ' ಅಂದಳು. ಅಪ್ಪ ಅವ್ವನ ದೇವರು ಶಿರಸಂಗಿಯ ಕಾಳಿಕಾದೇವಿ. ನಾನು ಅವರ ಪೂಜೆಗೆ ಅಡ್ಡ ಹೋಗಲ್ಲ, ಅವರು ನನ್ನ ಪ್ರಾರ್ಥನೆಗೆ ಅಡ್ಡ ಬರಲ್ಲ. ಮೊದಲ ವರ್ಷ ಹೀಗಿರಲಿಲ್ಲ, ಮನೆಯಲ್ಲಿ ಅತ್ತಿದ್ದಾರೆ, ನಾನೂ ಅತ್ತಿದ್ದೇನೆ.

ಸಂಜೆ ಅಪ್ಪ ಬ್ಯಾಡ್ಜ್ ನೋಡಬೇಕು ಅಂದ. ಕೈಯೆಲ್ಲ ಹೊಟ್ಟು. ಲುಂಗಿಗೆ ಒರೆಸಿಕೊಂಡು ತಗೊಂಡ, ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಬಡಿಗೇರ ಅನ್ನೋದರ ಮೇಲೆ ಹೆಬ್ಬೆರಳು ಆಡಿಸಿದ.

'ಎರಡ ವರ್ಷ ಇದ ಹೆಸರಿಲೆ ಕರದ್ರ?'

'ಹೂಂ, ಅಪ್ಪ.'

'ಕೆಳಗ ಯೇಸುಂದು.' ಸ್ವಲ್ಪ ಹೊತ್ತು ಸುಮ್ಮನಿದ್ದ. 'ಅವನೂ ಬಡಿಗ್ಯಾರ ಮನಿ ಹುಡುಗನ ಅಲ್ಲ? ಮಿಲಿಟ್ರಿ ಕ್ಯಾಂಪಿನ್ಯಾಗ ಚರ್ಚಿನ ಬೆಂಚ ರಿಪೇರಿಗೆ ಹೋದಾಗ ಅಲ್ಲಿ ಫಾದರ್ ಹೇಳಿದ್ರು. ಆವತ್ತಿಂದ ನನಗ ನೆನಪೈತಿ.'

ನನಗೆ ಗಂಟಲು ಕಟ್ಟಿತು. ಎರಡು ವರ್ಷ ಆ ಎರಡು ಹೆಸರನ್ನು ಎದೆ ಮೇಲೆ ಹೊತ್ತು ತಿರುಗಿದವನು ನಾನು, ಅವೆರಡನ್ನೂ ಸೇರಿಸಿ ಓದಿದ್ದು ಅಪ್ಪ. ಆಮೇಲೆ ನಾವಿಬ್ಬರೂ ಕೂತು ಮಾತಾಡಿದೆವು, ಅವ್ವ ಎರಡು ಸಲ ಊಟಕ್ಕೆ ಕರೆದಳು, ಏಳಲಿಲ್ಲ.

ಈಗ ಮೂರು ತಿಂಗಳಾಯ್ತು. ಅಪ್ಪನ ಜೊತೆ ಕೆಲಸಕ್ಕೆ ಹೋಗ್ತೀನಿ. ಬೆಳಿಗ್ಗೆ 6:30ಕ್ಕೇ ಏಳ್ತೀನಿ, ಓಣಿಯಲ್ಲಿ ಮಗ್ಗಗಳ ಸದ್ದು ಶುರುವಾಗಿರುತ್ತೆ, ಅದರ ನಡುವೆಯೇ ಓದು. ಭಾನುವಾರ ಫೋನಿನಲ್ಲಿ ಬೆಂಗಳೂರಿನವರ ಜೊತೆ ಸೇರ್ತೀನಿ. ಆದರೆ ಯೇಸುವಿನ ನೆನಪಿಗೆ ರೊಟ್ಟಿ, ನೀರು ತಗೊಳ್ಳೋ ಸಂಸ್ಕಾರ ಫೋನಿನಲ್ಲಿ ಆಗಲ್ಲವಲ್ಲ, ಅದಕ್ಕೆ ಮುಂದಿನ ತಿಂಗಳು ಹೋಗಿಬರ್ತೀನಿ. ಟಿಕೆಟ್ ಮಾಡಿಸುವಾಗ ಅಪ್ಪ ಉಳಿ ಮಸೆಯುತ್ತಾ ಕೂತಿದ್ದ.

'ಎರಡ ಮಾಡಸು' ಅಂದ. 'ನಿಮ್ಮ ಚರ್ಚಿನ ಬೆಂಚ ಸಾಗವಾನಿವೋ ಪ್ಲೈವುಡ್ಡಿನವೋ ನೋಡಿ ಬರೂಣು.'

ಎರಡು ಮಾಡಿಸಿದ್ದೇನೆ. ಅವನಿಗೆ ಕೆಳಗಿನ ಬರ್ತ್.