117ನೇ ದಿನ: ರಾಗಿಯ ಕಾಗದ ಬಂತು

ಇವತ್ತು ಮಧ್ಯಾಹ್ನ ಎರಡೂವರೆಗೆ ಪೋಸ್ಟ್‌ಮ್ಯಾನ್ ಒಂದು ರಿಜಿಸ್ಟರ್ಡ್ ಲಕೋಟೆ ಕೊಟ್ಟು ಹೋದರು. ಗೇಟಿನ ಹತ್ತಿರವೇ ನಿಂತು ಒಡೆದು ಓದಿದೆ. ಎರಡು ಸಲ ಓದಿದೆ. ಆಮೇಲೆ ನೇರ ಲಾಯಕ್ಕೆ ಹೋಗಿ, ಹಸಿದು ಬಡಕಲಾಗಿ ನಮ್ಮಲ್ಲಿಗೆ ಬಂದು ಇವತ್ತಿಗೆ 117ನೇ ದಿನವಾದ ನಮ್ಮ ಹೆಣ್ಣು ಕುದುರೆ ರಾಗಿಯ ಕುತ್ತಿಗೆ ತಬ್ಬಿಕೊಂಡು ನಿಂತುಬಿಟ್ಟೆ. ಅವಳು ಆರಾಮಾಗಿ ನನ್ನ ಜೇಬಿಗೆ ಮೂತಿ ಹಾಕಿ ಕ್ಯಾರೆಟ್ ತೆಗೆದುಕೊಂಡಳು.

ಹುಳುವಿನ ಔಷಧಿ, ಹಲ್ಲಿನ ಚೂಪು ಅಂಚನ್ನು ಅರದಿಂದ ಉಜ್ಜಿಸಿದ್ದು, ಗ್ಲಾಂಡರ್ಸ್ ಅನ್ನುವ ಅಂಟುರೋಗದ ಪರೀಕ್ಷೆಗೆ ರಕ್ತ ಹಿಸಾರ್‌ನ ಲ್ಯಾಬಿಗೆ ಹೋಗಿ ನೆಗೆಟಿವ್ ಬಂದದ್ದು, ಇದೆಲ್ಲ ಹಿಂದೆಯೇ ಬರೆದಾಗಿದೆ, ಬಿಡಿ. ಅಂಕಿ ಮಾತ್ರ ಹೇಳುತ್ತೇನೆ. ಬಂದ ದಿನ ಎದೆಸುತ್ತು 165 ಸೆಂ.ಮೀ, ಉದ್ದ 158. ಸುತ್ತಿನ ವರ್ಗವನ್ನು ಉದ್ದದಿಂದ ಗುಣಿಸಿ 11,880ರಿಂದ ಭಾಗಿಸಿದರೆ 362 ಕೆಜಿ. ಇವತ್ತು 174 ಮತ್ತು 159, ಅಂದರೆ 405 ಕೆಜಿ. ಕುದುರೆ ಎಷ್ಟು ಮೈತುಂಬಿಕೊಂಡಿದೆ ಅಂತ ಒಂಬತ್ತಕ್ಕೆ ಕೊಡುವ ಹೆನ್ನೆಕೆ ಅಂಕದಲ್ಲಿ ಎರಡು ಇದ್ದವಳು ನಾಲ್ಕಕ್ಕೆ ಬಂದಿದ್ದಾಳೆ. ಟೇಪಿನ ಲೆಕ್ಕ ಎಷ್ಟೆಂದರೂ ಅಂದಾಜು. ಅದಕ್ಕೇ ಮುಂದಿನ ಕೆಲಸ ತೂಕದ ಕಟ್ಟೆ: ನಾಲ್ಕು ಮೂಲೆಗೆ ಭಾರ ಅಳೆಯುವ ನಾಲ್ಕು ಲೋಡ್ ಸೆಲ್, ಅವುಗಳ ಸಿಗ್ನಲ್ ಓದುವ ಒಂದು ಎಚ್‌ಎಕ್ಸ್711 ಬೋರ್ಡ್, ಮೇಲೆ ದಪ್ಪ ಪ್ಲೈವುಡ್, ಅದರ ಮೇಲೆ ರಬ್ಬರ್ ಮ್ಯಾಟು. ಕುದುರೆ ಹತ್ತಿ ನಿಂತಾಗ ಟೊಳ್ಳು ಸದ್ದು ಬಂದರೆ ಗಾಬರಿಯಾಗುತ್ತವೆ. ಅದನ್ನು ಹೇಗೆ ತಡೆಯೋದು ಅಂತ ಯಾರಾದರೂ ಮಾಡಿ ನೋಡಿದ್ದರೆ ಹೇಳಿ.

ಮೇವಿನ ಬಗ್ಗೆ ಒಂದು ಮಾತು. ಪಕ್ಕದ ತೋಟದ ತಾತ ಮೊದಲ ವಾರವೇ ಒಂದು ಚೀಲ ಹುರುಳಿ ತಂದಿಟ್ಟು, "ಹುರುಳಿ ಹಾಕದೆ ಕುದುರೆ ಸಾಕ್ತೀಯೇನಪ್ಪಾ" ಅಂತ ಬೈದು ಹೋದರು. ಪ್ರೀತಿಯಿಂದಲೇ ಬೈದದ್ದು. ಆದರೆ ತಿಂಗಳುಗಟ್ಟಲೆ ಹಸಿದಿದ್ದ ಮೈಗೆ ಒಮ್ಮೆಲೇ ಕಾಳು ಸುರಿದರೆ ಜೀವಕ್ಕೇ ಅಪಾಯ. ಮೊದಲ ಹತ್ತು ದಿನ ಬರೀ ಲೂಸರ್ನ್ ಅನ್ನುವ ಮೇವಿನ ಸೊಪ್ಪು, ಸ್ವಲ್ಪ ಸ್ವಲ್ಪ, ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ. ಆ ಲೂಸರ್ನ್ ತರುವವರದ್ದೇ ಒಂದು ಕಥೆ. ಮೂರು ಸಲ ಹಣ ತಗೊಂಡರು, ಎರಡು ಸಲ ಒಳಗೆ ಬೂಷ್ಟು ಹಿಡಿದ ಕಟ್ಟು ಇಳಿಸಿದರು. ಹೊರಗಿಂದ ನೋಡಿದರೆ ಹಸಿರು, ಕೈ ಹಾಕಿದರೆ ಬಿಸಿ. ಈಗ ಪ್ರತಿ ಕಟ್ಟನ್ನೂ ಗಾಡಿಯ ಮೇಲೆಯೇ ಬಿಚ್ಚಿಸಿ ಮೂಸಿ ನೋಡಿದ ಮೇಲೇ ಇಳಿಸಿಕೊಳ್ಳುತ್ತೇನೆ.

ಇನ್ನು ನಿಜವಾದ ತಲೆನೋವಿಗೆ ಬರುತ್ತೇನೆ.

ರಾಗಿಯನ್ನು ಕೊಟ್ಟವರು ಊರಾಚೆಯ ಖಾಲಿ ಸೈಟಿನಲ್ಲಿ ಅವಳನ್ನು ಕಟ್ಟಿಹಾಕಿದ್ದರು. "ನನ್ನ ಕೈಲಿ ಸಾಕೋಕೆ ಆಗಲ್ಲ ಸರ್, ಸುಮ್ನೆ ತಗೊಂಡು ಹೋಗಿ" ಅಂದರು. ಪೇಪರ್ ಕೇಳಿದರೆ, "ಕುದುರೆಗೆ ಎಂಥ ಪೇಪರ್ ಸರ್?" ಸ್ಟಾಂಪ್ ಪೇಪರಿನಲ್ಲಿ ದಾನ ಕೊಟ್ಟಿದ್ದೇನೆ ಅಂತ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಕೊಂಡು ಬಂದೆ. ಅಷ್ಟು ಸಾಕು ಅಂದುಕೊಂಡಿದ್ದೆ.

34ನೇ ದಿನ ಇನ್ನೊಬ್ಬರು ಬಂದರು. "ಅದು ನನ್ನ ಕುದುರೆ. ನೋಡ್ಕೊಳ್ಳಿ ಅಂತ ಅವರ ಹತ್ತಿರ ಬಿಟ್ಟಿದ್ದೆ. ವಾಪಸ್ ಕೊಡಿ, ಇಲ್ಲ ದುಡ್ಡು ಕೊಡಿ."

ಆ ರಾತ್ರಿ ನಿದ್ದೆ ಬರಲಿಲ್ಲ. ವಕೀಲ ಗೆಳೆಯ ಹೇಳಿದ್ದು ಇಷ್ಟು: ಕಾನೂನಿನ ಕಣ್ಣಿಗೆ ಕುದುರೆ ಒಂದು ಚರ ಆಸ್ತಿ. ದಾನ ಕೊಡೋಕೆ ನೋಂದಣಿ ಬೇಕೇ ಬೇಕು ಅಂತಿಲ್ಲ, ಕೈಗೆ ಒಪ್ಪಿಸಿದರೂ ನಡೆಯುತ್ತದೆ. ಆದರೆ ತನ್ನದಲ್ಲದ್ದನ್ನು ಯಾರೂ ಕೊಡೋಕೆ ಆಗಲ್ಲ. ಕೊಟ್ಟವರಿಗೆ ಹಕ್ಕು ಇಲ್ಲದಿದ್ದರೆ ನನ್ನ ಸ್ಟಾಂಪ್ ಪೇಪರಿಗೂ ಬೆಲೆ ಇಲ್ಲ. ನಾಳೆ ಯಾರೋ ಬಂದು ಹಗ್ಗ ಬಿಚ್ಚಿಕೊಂಡು ಹೋದರೆ ಅವಳು ಮತ್ತೆ ಅದೇ ಸೈಟಿಗೆ ಹೋಗಬಹುದು. ಹಸಿವಿನಲ್ಲಿ ಬಿಟ್ಟವರ ಮೇಲೆ ದೂರು ಕೊಡಬಹುದಲ್ವಾ ಅಂದೆ. ಕೊಡಬಹುದು. ಆದರೆ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬರೆದಾಗ ಮೊದಲ ತಪ್ಪಿಗೆ ಇಟ್ಟ ದಂಡ ಹೆಚ್ಚೆಂದರೆ 50 ರೂಪಾಯಿ. ಒಂದು ಹೊತ್ತಿನ ಮೇವಿಗೂ ಸಾಲದ ಹಣ. ಅವಳನ್ನು ಉಳಿಸಿಕೊಳ್ಳೋಕೆ ನನಗಿದ್ದ ದಾರಿ ಒಂದೇ, ಅವಳು ಯಾರು ಅಂತ ಪತ್ತೆ ಮಾಡೋದು.

ಮೈಕಟ್ಟು ನೋಡಿದರೆ ಥರೋಬ್ರೆಡ್, ಅಂದರೆ ರೇಸಿನ ತಳಿ. ರೇಸಿನಲ್ಲಿ ಓಡಿದ್ದರೆ ಕುತ್ತಿಗೆಯೊಳಗೆ ಗುರುತಿನ ಸಂಖ್ಯೆಯ ಚಿಪ್ ಇರಬೇಕು. ಆನ್‌ಲೈನ್‌ನಲ್ಲಿ ಸ್ಕ್ಯಾನರ್ ತರಿಸಿದೆ. "ಎಲ್ಲಾ ಪ್ರಾಣಿಗಳಿಗೂ" ಅಂತ ದೊಡ್ಡದಾಗಿ ಬರೆದಿದ್ದರು. ಐದು ಸಂಜೆ ಕುತ್ತಿಗೆಯ ಎಡಕ್ಕೆ, ಬಲಕ್ಕೆ, ಎದೆಗೆ, ಎಲ್ಲಾ ಕಡೆ ಸವರಿದೆ. ಒಂದು ಬೀಪ್ ಇಲ್ಲ. ಚಿಪ್ಪೇ ಇಲ್ಲ ಅಂತ ಡೈರಿಯಲ್ಲಿ ಬರೆದೂ ಆಯಿತು. ಆರನೇ ದಿನ ಡಬ್ಬಿಯ ತಳದ ಸಣ್ಣ ಅಕ್ಷರ ಓದಿದರೆ 125 ಕಿಲೋಹರ್ಟ್ಸ್ ಅಂತಿದೆ! ಕುದುರೆಗೆ ಹಾಕುವ, ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡದ ಚಿಪ್ ಮಾತಾಡೋದು 134.2ರಲ್ಲಿ. ಮಾರಿದವರಿಗೆ ಫೋನ್ ಮಾಡಿದರೆ "ಬೆಕ್ಕಿಗೆ ಟ್ರೈ ಮಾಡಿ ಸರ್" ಅಂದರು. ಹಣ ಇವತ್ತಿಗೂ ವಾಪಸ್ ಬಂದಿಲ್ಲ.

ಕೊನೆಗೆ ನಮ್ಮ ಡಾಕ್ಟರ್ ಮೇಡಂ ಸರಿಯಾದ ಸ್ಕ್ಯಾನರ್ ತಂದರು. ಮೊದಲು ಅದೂ ಮೌನ. ಅವರು ಜೂಲನ್ನು ಬಲಕ್ಕೆ ಎತ್ತಿ ಹಿಡಿಯಿರಿ ಅಂದರು. ಎಡಗಡೆ, ನೆತ್ತಿಗೂ ಹೆಗಲಿಗೂ ಸರಿಯಾಗಿ ನಡುವೆ, ಜೂಲಿನ ಬುಡದಿಂದ ಸ್ವಲ್ಪ ಕೆಳಗೆ, ಸ್ಕ್ಯಾನರನ್ನು ಚರ್ಮಕ್ಕೆ ಒತ್ತಿ ತುಂಬಾ ನಿಧಾನ ಸರಿಸಿದರು. ಕುದುರೆಗೆ ಚಿಪ್ ಹಾಕೋದು ಅಲ್ಲಿನ ಗಟ್ಟಿ ನಾರಿನ ಪಟ್ಟಿಯ ಒಳಗೆ, ನಾಯಿಗೆ ಹಾಕಿದ ಹಾಗೆ ಚರ್ಮದ ಅಡಿಗಲ್ಲ. ಬೀಪ್! 15 ಅಂಕಿ. ಶುರುವಿನ ಮೂರು ಅಂಕಿ 356 ಆಗಿದ್ದರೆ ಅದು ಭಾರತದ ಕೋಡ್. ಇವಳದ್ದು 9ರಿಂದ ಶುರು, ಅಂದರೆ ಚಿಪ್ ಮಾಡಿದ ಕಂಪನಿಯ ಕೋಡ್. ರಾಗಿ ಸದ್ದಿಗೆ ಕಿವಿ ನಿಮಿರಿಸಿದಳು. ನನ್ನ ಕೈ ನಡುಗುತ್ತಿತ್ತು, ಸಂಖ್ಯೆ ಬರೆದುಕೊಂಡದ್ದು ಮೇಡಂ.

ಥರೋಬ್ರೆಡ್ ಕುದುರೆಗಳ ದಾಖಲೆ ಇಡುವ ಪುಣೆಯ ಸ್ಟಡ್ ಬುಕ್ ಕಚೇರಿಗೆ ಆ ಸಂಖ್ಯೆ ಕೊಟ್ಟು ಪತ್ರ ಬರೆದೆ. ಅವರ ದಾಖಲೆಯ ಪ್ರಕಾರ ಹುಟ್ಟಿದ್ದು 2013. ಹಲ್ಲು ನೋಡಿದಾಗಲೂ ಮೇಡಂ ಹನ್ನೊಂದು, ಹನ್ನೆರಡು ಅಂದಿದ್ದರು. ಮೇಲಿನ ಮೂಲೆ ಹಲ್ಲಿನಲ್ಲಿ ವಸಡಿನಿಂದ ಇಳಿಯುವ ಕಂದು ಗೀರು ಹತ್ತನೇ ವಯಸ್ಸಿಗೆ ಕಾಣಿಸಿಕೊಂಡು ಹದಿನೈದಕ್ಕೆ ಅರ್ಧ ಹಲ್ಲು ತಲುಪುತ್ತದೆ. ಇವಳದ್ದು ಈಗಷ್ಟೇ ಕೆಳಗೆ ಇಣುಕಿದೆ. ಒಂದು ವಿಷಯ ನೆನಪಿಡಿ, ಪಾಸ್‌ಪೋರ್ಟ್, ಅಂದರೆ ಕುದುರೆಯ ಗುರುತಿನ ಪುಸ್ತಕ, ಹೇಳೋದು ಕುದುರೆ ಯಾವುದು ಅಂತ ಮಾತ್ರ. ಯಾರದ್ದು ಅಂತ ಸಾಬೀತು ಮಾಡೋಕೆ ಕೈಯಿಂದ ಕೈಗೆ ಹೋದ ಪತ್ರಗಳೇ ಬೇಕು. ರೇಸಿನ ಕಾಲದ ಮಾಲೀಕರಿಗೆ ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ.

ಕಾಯುವಾಗ ಗೊರಸು ಓದಿದೆ. ಬಂದ ದಿನದ ಫೋಟೋದಲ್ಲಿ, ಕೂದಲು ಮುಗಿದು ಗೊರಸು ಶುರುವಾಗುವ ಗೆರೆಯಿಂದ 4 ಸೆಂ.ಮೀ ಕೆಳಗೆ, ನಾಲ್ಕೂ ಗೊರಸಿನಲ್ಲಿ ಒಂದು ಆಳವಾದ ಉಂಗುರ. ಅದರ ಕೆಳಗೆ ಗೊರಸು ನಯ. ಉಂಗುರದಿಂದ ಮೇಲಿನ ಭಾಗಕ್ಕೆ ಬೆರಳಾಡಿಸಿದರೆ ತೊಗಟೆ ಮುಟ್ಟಿದ ಹಾಗೆ ಒರಟು. ಮೊದಲ ದಿನ ಅರದಿಂದ ಒಂದು ಸಣ್ಣ ಗೀರು ಹಾಕಿಟ್ಟಿದ್ದೆ, ತಿಂಗಳಿಗೆ 8 ಮಿ.ಮೀ ಇಳಿದಿತ್ತು. ಅದೂ ಒಳ್ಳೆ ಮೇವು ತಿಂದು. ಹಸಿದ ಕುದುರೆಯ ಗೊರಸು ಇನ್ನೂ ನಿಧಾನ ಬೆಳೆಯುತ್ತದೆ. ಅಂದರೆ ಅವಳ ಕಷ್ಟ ಶುರುವಾಗಿ ಕಡಿಮೆ ಅಂದರೂ ಐದು ತಿಂಗಳಾಗಿತ್ತು. ಕೊಟ್ಟವರು "ಹೋದ ತಿಂಗಳು ಜ್ವರ ಬಂದು ಇಳಿದು ಹೋದಳು" ಅಂದಿದ್ದರು. ಅಳತೆಪಟ್ಟಿ ಇಟ್ಟು ತೆಗೆದ ಫೋಟೋಗಳನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವ್ಯಾಪಾರ ಮುಳುಗಿದ ಕಥೆ ಹೇಳಿ, ಅಲ್ಮೇರಾದಿಂದ ಒಂದು ಹಳೇ ರಸೀದಿ ಹುಡುಕಿ ಕೊಟ್ಟರು. ಒಂದು ರೈಡಿಂಗ್ ಸ್ಕೂಲ್ ಮುಚ್ಚುವಾಗ ಅವಳನ್ನು ಕೊಂಡದ್ದು. ಮೂಲೆಯಲ್ಲಿ ಚಿಪ್ ಸಂಖ್ಯೆಯ ಕೊನೆಯ ಆರು ಅಂಕಿ. ಆ ರಸೀದಿ ಮೊದಲೇ ಕೊಟ್ಟಿದ್ದರೆ ಎಷ್ಟು ರಾತ್ರಿ ಉಳಿಯುತ್ತಿತ್ತು.

ಇವತ್ತಿನ ಲಕೋಟೆಯಲ್ಲಿ ಉಳಿದ ಕೊಂಡಿ ಇತ್ತು. ರೇಸಿನ ಕಾಲದ ಮಾಲೀಕರು ಅವಳನ್ನು ಆ ಸ್ಕೂಲಿಗೆ ಒಪ್ಪಿಸಿದ ಪತ್ರದ ನಕಲು, ಜೊತೆಗೆ ಪಾಸ್‌ಪೋರ್ಟಿನ ಚಿತ್ರದ ಪುಟ. ನಮ್ಮ ಹಿರಿಯರು ಕುದುರೆ ಕೊಳ್ಳುವಾಗ ಸುಳಿ ನೋಡುತ್ತಿದ್ದರಲ್ಲ, ಶುಭವೋ ಅಶುಭವೋ ಅಂತ? ಪಾಸ್‌ಪೋರ್ಟಿನವರೂ ಸುಳಿಯನ್ನೇ ನೋಡುತ್ತಾರೆ. ಹುಟ್ಟಿದ ಸುಳಿ ಸಾಯುವವರೆಗೂ ಜಾಗ ಬದಲಿಸಲ್ಲ. ರಾಗಿಯ ಹಾಗೆ ಮೈಮೇಲೆ ಎಲ್ಲೂ ಬಿಳಿ ಗುರುತಿಲ್ಲದ ಕುದುರೆಗೆ ಅದೇ ಮುಖ್ಯ ಗುರುತು. ಚಿತ್ರ ಹಿಡಿದು ಲಾಯದಲ್ಲಿ ಒಂದೊಂದೇ ಹೊಂದಿಸಿದೆ. ಹಣೆಯಲ್ಲಿ ಎರಡು, ಒಂದರ ಮೇಲೊಂದು. ಕುತ್ತಿಗೆಯಲ್ಲಿ ಎಡಕ್ಕೊಂದು, ಬಲಕ್ಕೊಂದು. ಎಲ್ಲವೂ ಅಲ್ಲಲ್ಲೇ ಇದ್ದವು.

ಸಂಜೆ ಐದಕ್ಕೆ ಆ ಇನ್ನೊಬ್ಬರನ್ನು ಕರೆಸಿದೆ. ಇಷ್ಟು ದಿನ ಅವರು ತೋರಿಸುತ್ತಿದ್ದದ್ದು ದೂರದಿಂದ ತೆಗೆದ ಫೋಟೋ, ಕಂದು ಮೈ, ಕಪ್ಪು ಜೂಲು, ಯಾವ ಕುದುರೆ ಬೇಕಾದರೂ ಆಗಬಹುದು. ಮುಖದ ಫೋಟೋ ಇದೆಯಾ ಅಂದೆ. ತುಂಬಾ ಹುಡುಕಿ ಒಂದು ತೆಗೆದರು. ಅವರ ಮಗಳು ಕುದುರೆಯ ಕೆನ್ನೆಗೆ ಮುತ್ತು ಕೊಡುತ್ತಿದ್ದಾಳೆ. ಹಣೆ ಸ್ಪಷ್ಟವಾಗಿದೆ. ಒಂದೇ ಸುಳಿ, ಎರಡು ಕಣ್ಣಿನ ನಡುವೆ. ಫೋನನ್ನು ರಾಗಿಯ ಹಣೆಯ ಪಕ್ಕ ಹಿಡಿದೆವು. ಅವರು ಫೋಟೋ ದೊಡ್ಡದು ಮಾಡಿ ನೋಡಿದರು, ರಾಗಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು.

"ಹಾಗಾದ್ರೆ ನಂದು ಎಲ್ಲಿ ಹೋಯ್ತು ಸರ್?"

ಇಷ್ಟು ದಿನ ಅವರ ಮೇಲೆ ನನಗೆ ಸಿಟ್ಟಿತ್ತು. ಒಂದು ಲೋಟ ಟೀ ಮಾಡಿ ಕೊಟ್ಟೆ. ಅವರ ಕುದುರೆಯನ್ನೂ ಅದೇ ಸೈಟಿನಲ್ಲಿ ಬಿಟ್ಟಿದ್ದರಂತೆ. ಕೊಟ್ಟವರಿಗೆ ಅಲ್ಲಿಂದಲೇ ಫೋನ್ ಮಾಡಿದೆವು, ಎತ್ತಲಿಲ್ಲ. ನಾಳೆ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೇವೆ. ಮೇಡಂ ಸ್ಕ್ಯಾನರ್ ಕೊಡುತ್ತೇನೆ ಅಂದಿದ್ದಾರೆ. ತೂಕದ ಕಟ್ಟೆ ಇನ್ನೊಂದು ತಿಂಗಳು ಕಾಯಲಿ. ಕಂದು ಹೆಣ್ಣು ಕುದುರೆ, ಬಿಳಿ ಗುರುತಿಲ್ಲ, ಹಣೆಯಲ್ಲಿ ಒಂದೇ ಸುಳಿ. ಎಲ್ಲಾದರೂ ಕಂಡರೆ ತಿಳಿಸಿ.