ಅರ್ಜಿ ಬರೆಯಲು ಯಾರೂ ಇಲ್ಲದವರು

2025 ಫೆಬ್ರವರಿ 20, ಗುರುವಾರ

ಮೊನ್ನೆ ಮಂಗಳವಾರ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಇವತ್ತು ಪೂರ್ತಿ ಓದಿದೆ. ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ. ವಿಷಯ ಕೈದಿಗಳ ಅವಧಿಪೂರ್ವ ಬಿಡುಗಡೆ. ರಾಜ್ಯದಲ್ಲಿ ಅದಕ್ಕೊಂದು ನೀತಿ ಇದ್ದರೆ, ಅರ್ಹತೆ ಬಂದ ಕೈದಿಯ ಹೆಸರನ್ನು ಸರ್ಕಾರವೇ ತಾನಾಗಿ ಪರಿಗಣಿಸಬೇಕು. ಕೈದಿಯಾಗಲಿ, ಮನೆಯವರಾಗಲಿ ಅರ್ಜಿ ಹಾಕಬೇಕಿಲ್ಲ. ನೀತಿಯೇ ಇಲ್ಲದ ರಾಜ್ಯಗಳು ಎರಡು ತಿಂಗಳೊಳಗೆ ಮಾಡಿಕೊಳ್ಳಬೇಕು.

ಕಾನೂನು ನೆರವಿನ ಕೇಸುಗಳಿಗಾಗಿ ಜೈಲಿಗೆ ಹೋಗಿಬರುವ ನನಗೆ ಇದು ತುಂಬಾ ದೊಡ್ಡ ಮಾತು. ಹೊರಗೆ ಓಡಾಡಲು ಅಣ್ಣನೋ ತಮ್ಮನೋ ಇದ್ದರೆ ಫೈಲು ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಇದ್ದಲ್ಲೇ ಇರುತ್ತದೆ. ಕೊಲೆ ಕೇಸಿನಲ್ಲಿ ಜೀವಾವಧಿ ಆದವನು ಕನಿಷ್ಠ 14 ವರ್ಷ ಒಳಗಿರಲೇಬೇಕು ಎನ್ನುತ್ತದೆ ಕಾನೂನು. ಅಷ್ಟರಲ್ಲಿ ಅಪ್ಪ, ಅಮ್ಮ ತೀರಿಕೊಂಡಿರುತ್ತಾರೆ. ಹೆಂಡತಿ ಭೇಟಿಗೆ ಬರುವುದನ್ನು ಬಿಟ್ಟಿರುತ್ತಾಳೆ. ಅಂಥವನಿಗೆ ಅರ್ಜಿ ಯಾರು ಬರೆದುಕೊಡಬೇಕು?

ತೀರ್ಪಿನಲ್ಲಿ ನನಗೆ ಇನ್ನೂ ಜಾಸ್ತಿ ಹಿಡಿಸಿದ್ದು ಬೇರೆ. ಬಿಟ್ಟರೂ, ಬಿಡದಿದ್ದರೂ ಚುಟುಕಾಗಿಯಾದರೂ ಕಾರಣ ಬರೆಯಬೇಕು. ಆದೇಶ ಕೈದಿಯ ಕೈ ಸೇರಬೇಕು. ತಿರಸ್ಕರಿಸಿದರೆ, ಅದನ್ನು ಪ್ರಶ್ನಿಸುವ ಹಕ್ಕು ನಿನಗಿದೆ ಅಂತ ಅವನಿಗೆ ತಿಳಿಸಬೇಕು. ಕೊಟ್ಟ ಬಿಡುಗಡೆಯನ್ನು ಅವನ ಮಾತು ಕೇಳದೆ ರದ್ದು ಮಾಡುವ ಹಾಗಿಲ್ಲ.

ಪೆರೋಲ್, ಅಂದರೆ ಕೈದಿಯನ್ನು ಕೆಲವು ದಿನದ ಮಟ್ಟಿಗೆ ಹೊರಗೆ ಬಿಡುವ ವಿಷಯದಲ್ಲೂ ಇದೇ ಬೇಕಾಗಿದೆ. ಹೋದ ತಿಂಗಳು ಒಬ್ಬ ತಾಯಿ ಬಂದಿದ್ದರು. ಮಗನ ಪೆರೋಲ್ ತಿರಸ್ಕಾರದ ಪತ್ರ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿತ್ತು. ಠಾಣೆಯ ವರದಿ ಒಂದೇ ಸಾಲು: ಬಿಟ್ಟರೆ ಗ್ರಾಮದಲ್ಲಿ ಶಾಂತಿ ಸುವ್ಯವಸ್ಥೆಗೆ ಧಕ್ಕೆಯಾಗುವ ಸಂಭವವಿದೆ.

"ಯಾರನ್ನ ಕೇಳಿ ಬರೆದ್ರು ಸಾರ್? ನಮ್ಮನೆ ಹತ್ರ ಯಾರೂ ಬರ್ಲೇ ಇಲ್ವಲ್ಲ" ಅಂದರು.

ವರದಿಯಲ್ಲಿ ಊರಿನವರ ಒಂದು ಹೇಳಿಕೆಯೂ ಇರಲಿಲ್ಲ. "ಹೈಕೋರ್ಟಿಗೆ ರಿಟ್ ಹಾಕೋಣ ಅಮ್ಮಾ" ಅಂದೆ. ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ. 2023ರಲ್ಲಿ ನಮ್ಮ ಹೈಕೋರ್ಟು ಒಬ್ಬ ಶಿಕ್ಷಾಬಂಧಿಗೆ ಮದುವೆಯಾಗಲು 15 ದಿನ ಪೆರೋಲ್ ಕೊಟ್ಟಿತು. ಕೈದಿಯ ಸ್ವಂತ ಮದುವೆಗೆ ಪೆರೋಲ್ ಅಂತ ನಿಯಮದಲ್ಲಿ ಇರಲಿಲ್ಲ. ವಿಶೇಷ ಸಂದರ್ಭ ಎಂದು ಪರಿಗಣಿಸಿ ಕೋರ್ಟು ದಾರಿ ಮಾಡಿಕೊಟ್ಟಿತು. ಜೈಲಿನ ಗೋಡೆಯೊಳಗೂ ಸಂವಿಧಾನ ಇದೆ ಅಂತ ಸುಪ್ರೀಂ ಕೋರ್ಟ್ ಒಪ್ಪಿ ಎಷ್ಟೋ ಕಾಲವಾಯಿತು. ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಇನ್ನೊಬ್ಬ ಕೈದಿಗೆ ಜೈಲು ಸಿಬ್ಬಂದಿ ಕೊಟ್ಟ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡು 1979ರಲ್ಲಿ ತೀರ್ಪು ಬಂತು.

ಹಾಗಾದರೆ ನೊಂದವರ ಗತಿ ಏನು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2002ರ ಗುಜರಾತ್ ಗಲಭೆಯಲ್ಲಿ ಸಾಮೂಹಿಕ ಅತ್ಯಾಚಾರಕ್ಕೊಳಗಾದ ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳನ್ನು 2022ರ ಆಗಸ್ಟ್ 15ರಂದು ಬಿಟ್ಟಾಗ ನನಗೂ ಹೊಟ್ಟೆ ಉರಿದಿತ್ತು. 2024ರ ಜನವರಿ 8ರಂದು ನಮ್ಮ ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಆ ಆದೇಶ ರದ್ದು ಮಾಡಿತು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ, ಬಿಡುಗಡೆ ಮಾಡಿದ್ದು ಗುಜರಾತ್ ಸರ್ಕಾರ. ಅದಕ್ಕೆ ಆ ಅಧಿಕಾರವೇ ಇರಲಿಲ್ಲ. ಕಾರಣ ಬರೆಯಲೇಬೇಕು, ನಿಯಮದ ಪ್ರಕಾರವೇ ನಡೆಯಬೇಕು ಅಂದರೆ ಬಿಲ್ಕಿಸ್‌ಗೂ ರಕ್ಷಣೆ, ಆ ತಾಯಿಯ ಮಗನಿಗೂ ರಕ್ಷಣೆ. ಅಲ್ವಾ?

ನಾಳೆ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯವರನ್ನು ಕಂಡು, 14 ವರ್ಷ ದಾಟಿದವರ ಪಟ್ಟಿ ಕೇಳಬೇಕು. ಭೇಟಿಗೆ ಯಾರೂ ಬಾರದವರ ಹೆಸರು ಮೊದಲು ಎತ್ತಿಕೊಳ್ಳುತ್ತೇನೆ.